ಒಂದೇ ಬ್ಯುರೆಟ್

ಚಿಂತಾಮಣಿಯ ನಮ್ಮ ಕಾಲೇಜಿನಲ್ಲಿ ಈ ವರ್ಷ
ಸಿಲ್ವರ್ ನೈಟ್ರೇಟ್ ಇಲ್ಲ.
ಇಂಡೆಂಟಿನ ಮೇಲೆ ಕೆಂಪು ಶಾಯಿ: ಅನುದಾನ ಬಂದ ಮೇಲೆ.
ಕ್ಲೋರೈಡ್ ಪರೀಕ್ಷೆ ಬೋರ್ಡಿನ ಮೇಲೇ ಮುಗಿಸಿದೆ,
ಬಿಳಿ ಗಸಿ ಬರೆಯಲು ಚಾಕ್‌ಪೀಸು ಸಾಕಾಯಿತು.

ಪಿಳ್ಳಪ್ಪ ನಿವೃತ್ತನಾದಂದಿನಿಂದ
ಗಾಜು ತೊಳೆಯುವವಳೂ ನಾನೇ.
ಬಾಟನಿಯ ನಸೀಮಾಗೆ ಆದೇಶ ನವೀಕರಣವಾಗಲಿಲ್ಲ;
ಅವಳ ಎಂಟು ಗಂಟೆಗಳು ನನ್ನ ಟೈಮ್‌ಟೇಬಲ್ಲಿಗೆ
ಹೇಳದೆ ಬಂದ ನೆಂಟರ ಹಾಗೆ ಚೀಲ ಸಮೇತ ಬಂದು ಕೂತಿವೆ.
ರಾತ್ರಿ ಎರಡು ಪುಟ ಓದಿ
ಬೆಳಿಗ್ಗೆ ಹೂವಿನ ಬಗ್ಗೆ ಪಾಠ ಮಾಡುತ್ತೇನೆ.
ಹುಡುಗರು ನಂಬುತ್ತಾರೆ. ಅದೇ ಸಂಕಟ.

ಮೂರು ಸೆಕ್ಷನ್ ಕೂಡಿಸಿ ತೊಂಬತ್ತಾರು ಮಂದಿ,
ಸೋರದ ಬ್ಯುರೆಟ್ ಒಂದೇ.
ನಾನು ಕೊಳಾಯಿ ತಿರುಗಿಸುತ್ತೇನೆ, ಮುಂದಿನವರು ನೋಡುತ್ತಾರೆ,
ಹಿಂದಿನವರು ಮುಂದಿನವರ ಬೆನ್ನು ನೋಡುತ್ತಾರೆ.

"ಬಣ್ಣ ಬಂತಾ ಮೇಡಂ?"
ಕಿಟಕಿಯ ಬಳಿಯಿಂದ ಕೈವಾರದ ಗಂಗರತ್ನ.
ಬಂತು.
"ಎಂಥದು?"
ತಿಳಿಗುಲಾಬಿ.
ತಾನೇ ಕಂಡಂತೆ ರೆಕಾರ್ಡಿನಲ್ಲಿ ಬರೆದಳು.
ನಾನು ಸಹಿ ಹಾಕಿದೆ.

ಸಂಜೆ ಬೀಗ ಹಾಕುವಾಗ ಬಾಗಿಲಲ್ಲೇ ನಿಂತಿದ್ದಳು:
"ಒಂದೇ ಸಲ, ನಾನೇ ತಿರುಗಿಸಲಾ?"
ಬಸ್ಸು ತಪ್ಪುತ್ತೆ, ಅಂದೆ.
ಯಾರದೆಂದು ಹೇಳಲಿಲ್ಲ.