ಈ ಸಲ ಫೋನ್ ಬರಲಿಲ್ಲ

ಪಾಡ್ಯದ ರಾತ್ರಿ ಹತ್ತಾಗಿ ಹತ್ತು ನಿಮಿಷ.
ಬೆಟಗೇರಿ, ಕುಣಿಮಗ್ಗದ ಓಣಿಯ ಬಾಯಾಗ
ಟಂಟಂ ನಿಲ್ಲಿಸಿ ಮೈಕ್ ಹಿಡದು ನಿಂತೀನಿ:
ಎಂಟರಿಂದ ಹತ್ತು. ಹಸಿರು ಪಟಾಕಿ ಅಷ್ಟ.
ಹೊತ್ತು ಮುಗೀತು, ಒಳಗ ಹೋಗ್ರಿ.
ನನ್ನ ದನಿ ನನಗ ಕೇಳಲಿಲ್ಲ,
ನಡುವ ಲಕ್ಷ್ಮೀ ಬಾಂಬ್ ಹಾರಿತ್ತು.

ಹೊಸ್ತಿಲ ಮ್ಯಾಲ ಸಗಣಿಯ ಪಾಂಡವರು,
ತಲಿಗೆ ಹುಚ್ಚೆಳ್ಳ ಹೂವು, ಉತ್ತರಾಣಿ ಕಡ್ಡಿ.
ಅವರೂ ಸಾಕ್ಷಿ ಹೇಳೂದಿಲ್ಲ.

ಸಪ್ಪಳ ಅಳಿಯೂ ಮಷೀನಿಗೆ ಸೆಲ್ ಇಲ್ಲ.
ಠಾಣೆದಾಗ ಕೇಳಿದರ, ಕಿವಿ ಅದಾವಲ್ಲ, ಅಂದರು.
ನಾ ಕಿವಿಗಿಂತ ಬ್ಯಾರಲ್ ನಂಬತೀನಿ.
ಮನಿ ಮನಿ ಮುಂದಿನ ಬ್ಯಾರಲ್ಲಿಗೆ ಬೆರಳ ಬಡದು ನೋಡತೀನಿ,
ಟಣ್ ಅಂದರ ಖಾಲಿ, ದಬ್ ಅಂದರ ಜೀವ.
ನಳ ಬಂದು ಹನ್ನೆರಡು ದಿನ ಆತು,
ಓಣಿ ತುಂಬ ಟಣ್ ಟಣ್.
ಬೆಂಕಿ ಆರಸೂ ಗಾಡಿ ಇಲ್ಲಿ ಹೊಕ್ಕಬೇಕಂದರ
ಮೊದಲ ಎರಡೂ ಕಡೆ ಕಟ್ಟಿ ಒಡೀಬೇಕು.

ನದಾಫರ ಮಗಳು ನಾ.
ನಮ್ಮಜ್ಜ ಅರಳಿ ಹಿಂಜಾಕ ಕೂತರ
ಬೀಡಿ ಸೇದಾವ್ರು ಮೂರು ಮನಿ ದೂರ ಹೋಗತಿದ್ದರು.
ಅರಳಿಗೆ ಕಿಡಿ ಹತ್ತೂದು ಕಾಣೂದಿಲ್ಲ ತಂಗಿ, ಅಂತಿದ್ದ,
ಮೊದಲ ಬಿಸಿ ಆಗತೈತಿ, ಆಮ್ಯಾಲೆ ಮನಿ ಇರೂದಿಲ್ಲ.
ಇಲ್ಲಿ ಮಾಳಿಗಿ ಮಾಳಿಗಿಗೆ ನೂಲಿನ ಲಡಿ,
ಕೆಂಪು, ಗಿಣಿಹಸಿರು, ಒಣಗಿ ಗರಿಗರಿ.

ಆರು ವರ್ಷ, ಹತ್ತಾಗಿ ಒಂದು ನಿಮಿಷಕ್ಕ
ನನ್ನ ಮೊಬೈಲ್ ಹೊಡಕೋತಿತ್ತು.
ಕಳಕಪ್ಪಜ್ಜ. ಹಲೋ ಇಲ್ಲ, ನಮಸ್ಕಾರ ಇಲ್ಲ.
"ಹಚ್ಯಾರ ನೋಡವಾ. ನೀ ಬರ್ತಿಯೋ, ನಾನ ಹೋಗಲೋ?"
ಹಿಂದೊಮ್ಮೆ ಅವನ ಮಗ್ಗಕ್ಕ ರಾಕೆಟ್ ಇಳದಿತ್ತು,
ಹಾಸು ಏರಿಸಿ ಎರಡ ದಿನ ಆಗಿತ್ತು. ಹದಿನಾಲ್ಕು ಸೀರಿ.
ಹಚ್ಚಿದಾಂವ ಯಾರಂತ ಗೊತ್ತಿದ್ದೂ ಬರಸಲಿಲ್ಲ.
"ಹುಡುಗನ ಹೆಸರು ಬ್ಯಾಡ, ಗಡಿಯಾರದ ಹೆಸರು ಬರಕೋ," ಅಂದಿದ್ದ.

ಈ ಸಲ ಫೋನ್ ಬರಲಿಲ್ಲ.
ಹತ್ತು ಹದಿನೈದು. ಹತ್ತು ಇಪ್ಪತ್ತು.
ಮೈಕ್ ಅಲ್ಲೇ ಬಿಟ್ಟು ಅವನ ಮನಿ ಕಡೆ ನಡದೆ.

ಬಾಗಲಾ ತಗದಿತ್ತು. ಮಗ್ಗದ ಕುಣಿಯಾಗ ಕಾಲ ಇಳಿಬಿಟ್ಟು
ಚಾ ಕುಡೀತ ಕೂತಿದ್ದ.
ನನ್ನ ನೋಡಿ ನಕ್ಕ, ಆರು ವರ್ಷದಾಗ ಮೊದಲ ಸಲ.
"ಗೆದ್ದಿ ನೋಡು, ನದಾಫ ಬಾಯಿ!
ಓಣ್ಯಾಗ ಒಂದರ ಸಪ್ಪಳ ಐತೇನು?
ವಾಸನಿ ಬರ್ತೈತಿ, ಖರೆ.
ಅದ ಏನು ಹಸಿರು ಪಟಾಕಿ? ಅಡ್ಡಿಯಿಲ್ಲ ಬಿಡು,
ಸರಕಾರ ಒಂದರ ಛಲೋ ಕೆಲಸ ಮಾಡ್ತು."
ಅವನ ಬೆನ್ನ ಹಿಂದ ಸಾವಿರದ ಸರ ಹತ್ತಿತ್ತು.
ಕಪ್ಪಿನಾಗಿನ ಚಾ ನಡಗತಿತ್ತು.
ಹಿಡದ ಕೈ ನಡಗತಿರಲಿಲ್ಲ.

ಹೂಂ ಅಜ್ಜಾ, ಅಂದೆ.
ನನ್ನ ತುಟಿ ನೋಡಿ ತಿಳಕೊಂಡ.

ಮಠದ ಹಿಂದ ಬಯಲಾಗ ಐದು ಹುಡುಗರು,
ಬಾಟಲಿಯೊಳಗ ರಾಕೆಟ್, ಮೌನೇಶನ ಕೈಯಾಗ ಊದಿನಕಡ್ಡಿ.
ಪಾವತಿ ಬುಕ್ ತಗದೆ.
ನಗರಸಭೆ ಮೆಂಬರನ ಅಳಿಯ ನಾ, ಅಂತ ಒಬ್ಬ ಎದಿ ಉಬ್ಬಿಸಿದ.
ಉಳದವರು ನನ್ನ ಬೂಟ್ ನೋಡಿದರು.
ಎಲ್ಲಾರಿಗಿಂತ ಸಣ್ಣಾಂವ ಕೇಳಿದ:
"ಕಳಕಪ್ಪಜ್ಜ ಫೋನ್ ಮಾಡಿದ್ನೇನ್ರಿ, ಮೇಡಂ?"

ಹದಿನೆಂಟು ವರ್ಷದ ನೌಕರಿಯಾಗ
ಸುಳ್ಳ ಸಾಕ್ಷಿ ಬರದಾಕಿ ಅಲ್ಲ ನಾ.
"ಮಾಡಿದ್ದ," ಅಂದೆ. "ಹತ್ತಾಗಿ ಒಂದಕ್ಕ."

ಮೌನೇಶ ಊದಿನಕಡ್ಡಿ ಮಣ್ಣಿಗೆ ಒತ್ತಿದ.
ಅಳಿಯಗ ಐದನೂರರ ಪಾವತಿ ಹರದು ಕೊಟ್ಟೆ,
ಪಟಾಕಿ ಬಾಕ್ಸ್ ಟಂಟಂದಾಗ ಇಟ್ಟೆ.
ಉಳದ ನಾಲ್ಕೂ ಮಂದಿ ಕೈಯಾಗ ಕೊಡ ಕೊಟ್ಟು
ಮಠದ ಬೋರಿನಿಂದ ಅಜ್ಜನ ಬ್ಯಾರಲ್ಲಿಗೆ ನೀರ ಹೊರಸಿದೆ.
ಹೊಳ್ಳಿ ಹೋಗೂ ಮುಂದ ಬೆರಳ ಬಡದು ನೋಡಿದೆ:
ಕೆಳಗ ದಬ್,
ಮ್ಯಾಲ ಇನ್ನೂ ಟಣ್.