ಸೋಮವಾರದ ಗಂಟಲು

ಸೋಮವಾರ ಹಾಜರಿ ಕೂಗಲಿಕ್ಕೆ ನನಗ ದನಿ ಇರಂಗಿಲ್ಲ.
ಐದನೇ ಇಯತ್ತೆಯ ಹುಡುಗ್ಯಾರಿಗೆ ಲೆಕ್ಕ ಗೊತ್ತದ:
ಬರೇ ಗಾಳಿ ಹೊಂಟರ ಗೆದ್ದೇವಿ,
ಅರ್ಧ ದನಿ ಇದ್ದರ ಸಮಸಮ,
ದನಿ ಪೂರಾ ಇದ್ದೂ ನಾ ಮಾತಾಡದಿದ್ದರ
ಅವತ್ತು ಯಾರೂ ಎದುರು ಉತ್ತರ ಕೊಡಂಗಿಲ್ಲ.

ವಾಡಿಯ ರೇಲ್ವೆ ಮೈದಾನಕ್ಕ ಮೂರು ಕಡಿ ಕಟ್ಟಿ,
ನಾಕನೇ ಕಡಿ ಹಳಿ.
ಏಳು ಮೆಟ್ಟಿಲು, ಎಲ್ಲಾ ಫರ್ಸಿಕಲ್ಲು,
ನಾಕು ಗಂಟೆಗೆ ಮುಟ್ಟಿದರ ರೊಟ್ಟಿ ಹಂಚು.
ಕೌದಿ ಮಡಚಿ ಹಾಕಿ ಕೂಡತೇವಿ.
ಕೂಡತೇವಿ ಅಂಬೋದು ಸುಳ್ಳು.
ಸಿಮೆಂಟಿನ ಧೂಳು ಹುಬ್ಬಿನ ಮ್ಯಾಲ ಕುಂತು
ಎಲ್ಲರೂ ಒಂದೇ ವಯಸ್ಸಿನವರು.

ನಾಗಿಂದ್ರಪ್ಪ, ಗೇಟ್‌ಮನ್ ಇದ್ದಂವ, ರಿಟೈರಾಗಿ ಆರು ವರ್ಷ,
ಎರಡೂ ಬಾವುಟ ಇಲಾಖೆಗೆ ತಿರುಗಿ ಕೊಟ್ಟಿಲ್ಲ.
ನಮ್ಮ ದಸ್ತಗೀರ ಚೆಂಡು ತಗೊಂಡು ಓಡಿದರ ಹಸಿರು,
ಶಹಾಬಾದಿನವರು ಈ ಕಡಿ ಬಂದರ ಕೆಂಪು.
ಆ ಕೆಂಪಿಗೆ ಇವತ್ತಿನ ತನಕ ಯಾರೂ ನಿಂತಿಲ್ಲ.
ಆದರೂ ತೋರಸ್ತಾನ.

ಸುಗಂಧಿಬಾಯಿ, ಪಾರ್ಸಲ್ ಆಫೀಸಿನ ಲಾಜರಸನ ಹೆಂಡತಿ,
ಓಣ್ಯಾಗ ಅಕಿನ ದನಿ ಕೇಳಿದವರಿಲ್ಲ.
ಇಲ್ಲಿ ರೆಫ್ರಿಗೆ ಮೂರು ತಲಿ ಎಣಿಸಿ ಬೈತಾಳ,
ಆಟ ಮುಗಿದ ಮ್ಯಾಲ ಅವನನ್ನೇ ಕರೆದು
ಡಬ್ಬಿಯೊಳಗಿನ ಸುಸಲಾ ತಿನ್ನಸ್ತಾಳ.

ನಿನ್ನೆ ಒಂದಕ್ಕ ಒಂದು ಇದ್ದಾಗ
ಸೈಬಣ್ಣ ಗೋಲಿನಿಂದ ಒದ್ದ ಚೆಂಡು
ಗಾಳಿ ಹಿಡಿದು, ಬೇಲಿ ದಾಟಿ
ಹೊಂಟಿದ್ದ ಗೂಡ್ಸಿನ ತೆರೆದ ಡಬ್ಬಿಯಾಗ ಬಿತ್ತು.
ನಲವತ್ತೊಂದನೇ ಡಬ್ಬಿ. ನಾಗಿಂದ್ರಪ್ಪ ಎಣಿಸಿದ್ದ.
ಕೆಂಪು ಬಾವುಟ ಎತ್ತಿ ನಿಂತ.
ಗಾರ್ಡು ಕೈ ಬೀಸಿ ಸೊಲ್ಲಾಪುರಕ್ಕ ಹ್ವಾದ.

ಇದ್ದದ್ದು ಅದೊಂದೇ ಚೆಂಡು.
ಸಾವಿರ ಮಂದಿ ಸುಮ್ಮನಾದರ ಹೆಂಗಿರತದ ಗೊತ್ತೇನು?
ಮೂರನೇ ಮೆಟ್ಟಲದಾಗ ಯಾರೋ ಶೇಂಗಾ ಒಡೆದದ್ದು
ಆ ಕಡಿ ಗೋಲಿನ ತನಕ ಕೇಳಸ್ತದ.
ಎದ್ದು ಹೋದವರು ಒಬ್ಬರೂ ಇಲ್ಲ.
ನನ್ನ ಕೈ ತಾನೇ ಸೆರಗಿನ ಗಂಟಿಗೆ ಹೋತು,
ಸಾಲಿ ಅಲಮಾರಿಯ ಕೀಲಿ.

ಸಾಲಿ ಚೆಂಡಿನ ಬಿಳಿ ತುಂಡಿಗೊಂದು ಹೆಸರು,
ನೀಲಿ ಪೆನ್ನಿಲೆ ನನ್ನ ಹುಡುಗ್ಯಾರು ಬರೆದದ್ದು:
ನೀಲಗಂಗಾ, ಬಿಸ್ಮಿಲ್ಲಾಬಿ, ರೂತಮ್ಮ, ಶಿವಲೀಲಾ,
ಶಿವಲೀಲಾ ಎರಡು ಸಲ, ಇಬ್ಬರಿದ್ದಾರ.
ರೆಫ್ರಿ ತಿರುವಿ ತಿರುವಿ ಓದಿದ.
ಹೆಸರು ಬರೆದ ಚೆಂಡು ನಡೀತದೇನು ಅಂದ ಶಹಾಬಾದಿನ ಕ್ಯಾಪ್ಟನ್.
ಸುಗಂಧಿಬಾಯಿ ಎದ್ದು ನಿಂತಳು.
ನಡೀತು.

ಆಮ್ಯಾಲಿನದು ನನಗ ನೆಟ್ಟಗ ನೆನಪಿಲ್ಲ.
ಮಂದಿ ಆಟಗಾರರ ಹೆಸರು ಬಿಟ್ಟು
ಚೆಂಡಿನ ಮ್ಯಾಲಿನ ಹೆಸರು ಕೂಗಲಿಕ್ಕೆ ಹತ್ತಿದರು.
ನೀಲಗಂಗಾ ಎಡಕ್ಕ ಹೊರಳಿದಳು,
ಬಿಸ್ಮಿಲ್ಲಾಬಿ ಕಂಬಕ್ಕ ಬಡಿದಳು,
ಇಬ್ಬರು ಶಿವಲೀಲಾ ಸೇರಿ ದಸ್ತಗೀರನ ಹಣಿ ಮ್ಯಾಲ.
ನಾನು ಹಾಜರಿ ಪುಸ್ತಕ ಪೂರಾ ಕೂಗಿದೆ,
ಒಂದೊಂದು ಹೆಸರಿಗೂ ಭೀಮಶ್ಯಾನ ಹಲಗಿ
ಹಾಜರ್, ಹಾಜರ್ ಅಂತು.
ಇನ್ನೆರಡು ನಿಮಿಷ ಇತ್ತು.
ರೂತಮ್ಮ ಸೈಬಣ್ಣನ ಬಗಲಾಗಿಂದ ನುಸುಳಿ
ನಮ್ಮ ಬಲಿಯೊಳಗ ಹೋಗಿ ಕುಂತಳು.

ಗೋಲು ಖರೇ ಛಲೋ ಇತ್ತು ಅಂದ ನಮ್ಮ ಕಡ್ಯಾಂವ ಒಬ್ಬ.
ಅವನ್ನ ಯಾರೂ ಹೊಡೀಲಿಲ್ಲ.

ಇವತ್ತು ಬಾಯಿ ತೆರೆದೆ. ಬರೇ ಗಾಳಿ.
ಹುಡುಗ್ಯಾರು ಬೆಂಚು ಬಡಿದರು, ಗೆದ್ದೇವಿ, ಗೆದ್ದೇವಿ.
ಅಲ್ಲವ್ವಾ ಅನ್ನಲಿಕ್ಕೆ ದನಿ ಎಲ್ಲಿಂದ ತರಲಿ.
ಖಡು ತಗೊಂಡು ಕರಿಹಲಗಿ ಮ್ಯಾಲ
ಎರಡು ಬರೆದೆ, ಒಂದು ಬರೆದೆ,
ಯಾವುದು ಯಾರದಂತ ಬರೀಲಿಲ್ಲ.
ಹಿಂದಿನ ಬೆಂಚಿನಾಗ ರೂತಮ್ಮ
ಚೆಂಡು ತೊಡಿ ಮ್ಯಾಲ ಇಟ್ಕೊಂಡು, ನಾಲಿಗಿ ಕಚ್ಚಿಕೊಂಡು,
ಅಳಿಸಿಹೋದ ತನ್ನ ಹೆಸರಿನ ಮ್ಯಾಲ
ಮತ್ತ ಪೆನ್ನು ಆಡಸ್ತಿದ್ದಳು.