ಜೋಡಿ ಹದಿನೇಳು

ಪ್ವೆರ್ತೊ ಮೋಂಟ್‌ನ ಸಾಲ್ಮನ್ ಕಾರ್ಖಾನೆಯಲ್ಲಿ
ಚೀಟಿ ಎತ್ತಿ ನಮ್ಮನ್ನು ಜೋಡಿ ಕಟ್ಟಿದರು.
ನನ್ನ ಪಾಲಿಗೆ ನೋಲ್ಫಾ ನ್ಯಾಂಕುಪೆಲ್,
ಒಂಬತ್ತು ವರ್ಷ ಎದುರಿಗೇ ನಿಂತು ಮೀನು ಸೀಳಿದವಳು.
ಮುಖಗವಸಿನ ಮೇಲಿನ ಎರಡು ಕಣ್ಣು ಗೊತ್ತಿತ್ತು,
ಹೆಸರು ಅವತ್ತೇ ತಿಳಿದದ್ದು.

ವಾರಕ್ಕೆ ಹತ್ತು ನಿಮಿಷ, ಕಾಫಿ ಕಂಪನಿಯದು,
ಪ್ರಶ್ನೆಗಳ ಹಾಳೆಯೂ ಕಂಪನಿಯದೇ.
“ನಿನ್ನ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ?”
ಓದಿದೆ, ನಾಚುತ್ತ.
ಅವಳು ನನ್ನ ಕೈ ನೋಡುತ್ತಿದ್ದಳು.
“ಮಣಿಕಟ್ಟು ಊದಿದೆ.”
ಕಾಫಿ ಮುಗಿಯಿತು.

ಮರುದಿನ ನನ್ನ ಚಾಕು
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು.
ಯಾರೋ ಮಸೆದಿಟ್ಟಿದ್ದರು.
ನೋಲ್ಫಾ ಬಗ್ಗಿಸಿದ ಮುಖ ಎತ್ತಲಿಲ್ಲ.

ಆಗಸ್ಟಿನಲ್ಲಿ ಮೂರು ದಿನ ಅವಳ ಜಾಗ ಖಾಲಿ.
ನಾಲ್ಕನೆಯ ದಿನ ಬಂದಳು, ಕಣ್ಣು ಕೆಂಪು.
ಏನಾಯಿತೆಂದು ಕೇಳು ಎಂದಿತ್ತು ಹಾಳೆ.
ಕೇಳಲಿಲ್ಲ.
ಅರ್ಧ ಹೆಜ್ಜೆ ಎಡಕ್ಕೆ ಸರಿದು
ಅವಳ ಪಾಲಿನ ತಲೆಗಳನ್ನೂ ಕತ್ತರಿಸಿದೆ,
ಬೆಲ್ಟು ನಿಲ್ಲುವುದಿಲ್ಲವಲ್ಲ.
ಸಂಜೆ ಮಣಿಕಟ್ಟು ಮತ್ತೆ ಊದಿತು.

ಡಿಸೆಂಬರಿಗೆ ಫಾರ್ಮು ಬಂತು:
ವರ್ಷವಿಡೀ ಏನೇನು ಮಾತಾಡಿದಿರಿ, ವಿವರವಾಗಿ ಬರೆಯಿರಿ.
ಪೆನ್ನು ಕಚ್ಚಿ ಬಹಳ ಹೊತ್ತು ಯೋಚಿಸಿ
ನೋಲ್ಫಾ ಬರೆದಳು: ಚಾಕು.
ಕೆಳಗೆ ಹನ್ನೊಂದು ಗೆರೆ ಖಾಲಿ ಉಳಿದಿದ್ದವು.
ನಾನು ಸಹಿ ಹಾಕಿದೆ.